ಗುರುತು ಹಿಡಿಯುವ ದಯೆ

ಪದ್ಮನಾಭನಗರದ ನಮ್ಮ ಬಾಡಿಗೆ ಮನೆಯ ವರಾಂಡದಲ್ಲಿ ತುಳಸಿಯೂ ಸೇರಿದಂತೆ ಏಳೆಂಟು ಕುಂಡಗಳಿವೆ. ಮಳೆ ಬಂದ ಮಾರನೆಯ ಬೆಳಿಗ್ಗೆ ನಮ್ಮಾಕೆ ಕೂಗಿದಳು: "ಇಲ್ಲಿ ನೋಡಿ ಅಂದ್ರೆ, ಮಣ್ಣಿಗೆಲ್ಲ ಹುಳು ಬಿದ್ದಿದೆ!"

ಬಗ್ಗಿ ನೋಡಿದೆ. ಸಾಸಿವೆಗಿಂತಲೂ ಚಿಕ್ಕ ಬಿಳಿಯ ಚುಕ್ಕೆಗಳು. ಬೆರಳು ತಾಕಿಸಿದರೆ ಚಂಗನೆ ನೆಗೆದು ಮಾಯ. ಕುಂಡದಡಿಯ ತಟ್ಟೆಯ ನೀರಿನ ಮೇಲೂ ಧೂಳಿನಂತೆ ತೇಲುತ್ತಿದ್ದವು. ಕೂಡಲೇ ಕೀಟನಾಶಕದ ಸೀಸೆಗೆ ಕೈಹಾಕಿದೆ. ಪಕ್ಕದಲ್ಲಿದ್ದ ಮಗಳು, "ಅದರ ಹೆಸರೇನಪ್ಪ?" ಎಂದಳು. ಹೆಸರೂ ತಿಳಿಯದ ಜೀವಕ್ಕೆ ಮರಣದಂಡನೆ ವಿಧಿಸಹೊರಟಿದ್ದೆನಲ್ಲ ಎಂದು ನಾಚಿಕೆಯಾಯಿತು.

ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಮಿತ್ರರು ಭೂತಗನ್ನಡಿಯಲ್ಲಿ ನೋಡಿ, "ಇವು ಸ್ಪ್ರಿಂಗ್‌ಟೇಲ್" ಎಂದರು. ಕಾಲು ಆರು, ರೆಕ್ಕೆಯಿಲ್ಲ. ಹೊಟ್ಟೆಯಡಿ ಮಡಚಿಟ್ಟ ಕವಲುಬಾಲವನ್ನು ಬಿಚ್ಚಿದರೆ ಜಿಗಿತ. ಬೂಷ್ಟು, ಕೊಳೆತ ಎಲೆ ಇವುಗಳ ಊಟ. ಕಚ್ಚುವುದಿಲ್ಲ, ಮಣ್ಣು ತುಸು ಒಣಗಿದರೆ ತಾವಾಗಿ ಕಡಿಮೆಯಾಗುತ್ತವೆ. ಸ್ಕಾಟ್ಲೆಂಡಿನ ಕಲ್ಲಿನಲ್ಲಿ ಸುಮಾರು 40 ಕೋಟಿ ವರ್ಷ ಹಳೆಯ ಇವುಗಳ ಪಳೆಯುಳಿಕೆ ದೊರೆತಿದೆ. ಅಷ್ಟು ಹಳೆಯ ಒಕ್ಕಲನ್ನು ಎಬ್ಬಿಸಲು ಬಾಡಿಗೆದಾರನಾದ ನಾನು ಹೊರಟಿದ್ದೆ!

ಕಥೆ ಇಲ್ಲಿಗೇ ಮುಗಿದಿದ್ದರೆ ನೀತಿ ಸುಲಭವಾಗುತ್ತಿತ್ತು. ಮರುವಾರ ಅದೇ ತಟ್ಟೆಯಲ್ಲಿ, ಅವುಗಳ ಕೆಳಗೆ, ಕೊಂಕುತ್ತ ಏರಿಳಿಯುವ ಮರಿಗಳು ಕಂಡವು. ಸೊಳ್ಳೆಯವು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಂಥ ತಟ್ಟೆಯೇ ತೊಟ್ಟಿಲು. ಮೊಟ್ಟೆ ಸೊಳ್ಳೆಯಾಗಲು ಏಳೆಂಟು ದಿನ ಸಾಕು. ತಟ್ಟೆಯ ನೀರನ್ನು ಒಣಗಿದ್ದ ಕುಂಡವೊಂದರ ಮಣ್ಣಿಗೆ ಸುರಿದು, ಅಂಟಿದ ಮೊಟ್ಟೆಗಳು ಹೋಗುವಂತೆ ತಟ್ಟೆಯನ್ನು ತಿಕ್ಕಿದೆ. ನೀರಿಲ್ಲದೆ ಮರಿಗಳು ಸತ್ತವು. ನೆಗೆಯುವವು ತಮ್ಮ ಮಣ್ಣಿಗೆ ಮರಳಿದವು. ವಿಷ ಸುರಿದಿದ್ದರೆ ಎರಡಕ್ಕೂ ಒಂದೇ ಗತಿಯಾಗುತ್ತಿತ್ತು.

ಆಗ ಶ್ರವಣಬೆಳಗೊಳದಲ್ಲಿ ಕಂಡ ದಿಗಂಬರ ಮುನಿಗಳ ನೆನಪಾಯಿತು. ಕುಳಿತುಕೊಳ್ಳುವ ಮೊದಲು ಅವರು ನವಿಲುಗರಿಯ ಪಿಂಛಿಯಿಂದ ನೆಲವನ್ನು ನವಿರಾಗಿ ಗುಡಿಸುತ್ತಾರೆ. ಗುಡಿಸಬೇಕಾದರೆ ಮೊದಲು ಬಗ್ಗಬೇಕು, ನೋಡಬೇಕು. ಸಂಸಾರಿಗಳಾದ ನಮಗೆ ಅವರ ಅಹಿಂಸೆ ಎಟುಕದು. ಆದರೆ ಆ ನೋಟವನ್ನಾದರೂ ಕಲಿಯಬಹುದಲ್ಲವೆ?

ನಿರುಪದ್ರವಿ ಎಂಬ ಮಾತೂ ನಮ್ಮ ಅಳತೆಗೋಲೇ. ಸೊಳ್ಳೆಯ ಮರಿ ಯಾವ ಪಾಪವನ್ನೂ ಮಾಡಿರಲಿಲ್ಲ. ಮಗಳ ಆರೋಗ್ಯಕ್ಕಾಗಿ ಅದನ್ನು ಕೊಂದೆ, ನಾಳೆಯೂ ಕೊಂದೇನು. ಅದನ್ನು ಧರ್ಮವೆನ್ನಲಾರೆ, ಅನಿವಾರ್ಯವೆಂದೇನು. ಆದರೆ ಗುರುತಿಸದೆ ಕೊಲ್ಲುವುದಕ್ಕೆ ಅಷ್ಟು ನೆಪವೂ ಇಲ್ಲ.

ಸೀಸೆ ಈಗ ಅಟ್ಟದ ಮೇಲಿದೆ. ಭೂತಗನ್ನಡಿ ತುಳಸಿಯ ಪಕ್ಕದ ಗೂಡಿನಲ್ಲಿದೆ.