ಜೋತಮ್ಮಗಳ ಮಾತು

ಮನೆಯ ಮಾತು ಹೊಸಿಲು ದಾಟಬಾರದೆಂದು ಹೇಳಿಯೇ ನಮ್ಮ ಕಡೆ ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಕಳಿಸುತ್ತಾರೆ. ಹೊತ್ತು ಮುಳುಗಿದಾಗ ದೀಪ ಹಚ್ಚುವವಳೂ ಅವಳೇ, ಆ ಬೆಳಕಿನಲ್ಲಿ ನಡೆದದ್ದನ್ನೆಲ್ಲ ನುಂಗಿಕೊಳ್ಳಬೇಕಾದವಳೂ ಅವಳೇ. ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ ದೀಪಗಳು ಸುಮ್ಮನಿರುವುದಿಲ್ಲ. ಊರು ಮಲಗಿದ ಮೇಲೆ ಮನೆಮನೆಯ ಜೋತಮ್ಮಗಳು ಎದ್ದು ಬಂದು ಒಂದೆಡೆ ಸೇರಿ, ತಂತಮ್ಮ ಮನೆಯಲ್ಲಿ ಕಂಡದ್ದನ್ನು ಹೇಳಿಕೊಳ್ಳುತ್ತವೆ. ಆ ಪುಟಗಳನ್ನು ಎಷ್ಟು ಸಲ ಓದಿದರೂ ನನ್ನ ಮೈ ಜುಮ್ಮೆನ್ನುತ್ತದೆ.

‘ದ್ಯಾವನೂರು’ ಕಥೆಗಳು, ನೀಳ್ಗತೆ ‘ಒಡಲಾಳ’ ಆದ ಮೇಲೆ ಅವರು ಬರೆದ ಮೊದಲ ಕಾದಂಬರಿಯಿದು. ಗಾತ್ರದಲ್ಲಿ ತೆಳುವಾದರೂ ಹರಹಿನಲ್ಲಿ ಮಹಾಕಾವ್ಯ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬೇರೆ ಜಿಲ್ಲೆಯ ಗೆಳತಿಯರು ಭಾಷೆ ಕಷ್ಟ ಎನ್ನುತ್ತಾರೆ. ಹರವೆಯಲ್ಲಿ ಪಾಠ ಹೇಳುವ ನನಗೆ ಅದು ದಿನವೂ ಕಿವಿಗೆ ಬೀಳುವ ನಂಜನಗೂಡು, ಚಾಮರಾಜನಗರದ ಕಡೆಯ ಮಾತು. ಗಟ್ಟಿಯಾಗಿ ಓದಿ ನೋಡಿ, ಬಿಡಿಸಿಕೊಳ್ಳುತ್ತದೆ. ಎಲ್. ಬಸವರಾಜು ಅವರು ಇದರ ಗದ್ಯವನ್ನು ಪದ್ಯದ ಸಾಲುಗಳಾಗಿ ಜೋಡಿಸಿ ತೋರಿಸಿದ್ದು ಸುಮ್ಮನೆ ಅಲ್ಲ.

ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದರು: “ಮೇಡಂ, ಮೇಲುಜಾತಿಯ ಹುಡುಗಿಯನ್ನು ಪ್ರೀತಿಸಿದ್ದಕ್ಕೆ ದಲಿತ ಹುಡುಗನೊಬ್ಬ ಕೊಲೆಯಾಗುವ ಕಥೆ. ಅಲ್ಲಿ ದೀಪ ಮಾತಾಡಿದರೆ ವಿಷಯ ಹಗುರಾಗುವುದಿಲ್ಲವೆ?”

ಕೇಳಬೇಕಾದ ಪ್ರಶ್ನೆಯೇ. ಆದರೆ ಅಂಥ ಊರಿನಲ್ಲಿ ಸಾಕ್ಷಿ ಹೇಳುವವರು ಯಾರು? ಕಂಡವರಿಗೆ ನಾಳೆಯ ಕೂಲಿ ಬೇಕು, ಸಾಲ ಬೇಕು, ಮಗಳಿಗೆ ಗಂಡು ಬೇಕು. ದೀಪಕ್ಕೆ ಇದ್ಯಾವುದರ ಹಂಗೂ ಇಲ್ಲ. ಮನುಷ್ಯರು ಬಾಯಿ ಬಿಡದ ಕಡೆ ದೀಪ ಬಾಯಿ ಬಿಟ್ಟರೆ ಅದು ಹಗುರಾದ ಮಾತಲ್ಲ, ನಮ್ಮೆಲ್ಲರ ಮೇಲಿನ ದೂರು. ಮಲೆ ಮಾದಪ್ಪನ ಕಥೆಯಲ್ಲಿ ಶೀಲಕ್ಕೆ ಭಾಷೆ ಕೊಡೆಂದು ನೀಲೇಗೌಡ ಸಂಕಮ್ಮನನ್ನು ಪೀಡಿಸುವುದನ್ನು ಕಂಸಾಳೆಯವರು ಹಾಡಿದರೆ ನಮ್ಮ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಹುಲಿಯ ಮೇಲೆ ದೇವರು ಸವಾರಿ ಮಾಡಿದ್ದು ನಿಜವೇ ಎಂದು ಯಾರೂ ಕೇಳುವುದಿಲ್ಲ. ಸಂಕಮ್ಮನ ನೋವು ನಿಜ, ಅಷ್ಟು ಸಾಕು.

ಹಾಗಾದರೆ ಎಲ್ಲವನ್ನೂ ಹೇಳಿಬಿಡಬೇಕೆ? ನನಗೆ ಹಾಗನ್ನಿಸುವುದಿಲ್ಲ. ಎದುರುಮನೆಯ ಹುಡುಗಿಯ ಗುಟ್ಟೊಂದು ಬೀದಿಗೆ ಬಂದರೆ ಅವಳ ಪ್ರಾಣಕ್ಕೇ ಸಂಚಕಾರ. ಅಲ್ಲಿ ಬಾಯಿ ಕಟ್ಟಿಕೊಳ್ಳುವುದೇ ಧರ್ಮ. ಆದರೆ ಹೊಡೆಯುವ ಕೈಯ ಗುಟ್ಟನ್ನು ಕಾಯುವುದಕ್ಕೂ ನಾವು ‘ಮಾನ’ ಎಂಬ ಅದೇ ಹೆಸರಿಡುತ್ತೇವೆ. ಯಾರನ್ನು ಉಳಿಸಲು ಸುಮ್ಮನಿದ್ದೇವೆ ಎಂದು ಕೇಳಿಕೊಳ್ಳದೆ ಮೌನಕ್ಕೆ ಬೆಲೆ ಕಟ್ಟಲಾಗದು.

ನನ್ನನ್ನು ಕಾಡುವುದು ಇನ್ನೊಂದು. ಜೋತಮ್ಮಗಳೂ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ. ಊರಿಗೆ ಅದು ಕೇಳುವುದಿಲ್ಲ. ನಲ್ಲಿಯ ಹತ್ತಿರ, ಸ್ವಸಹಾಯ ಸಂಘದ ಸಭೆ ಮುಗಿದ ಮೇಲೆ ಜಗುಲಿಯಲ್ಲಿ ನಾವು ಆಡಿಕೊಳ್ಳುವ ಮಾತೂ ಹಾಗೆಯೇ ಅಲ್ಲವೆ? ಎದೆಯ ಭಾರ ಇಳಿಯುತ್ತದೆ, ಪೊಲೀಸ್ ಠಾಣೆಯವರೆಗೆ ಹೋಗುವುದಿಲ್ಲ. ಹಾಗೆಂದು ಅದು ವ್ಯರ್ಥವೆನ್ನಲು ಮನಸ್ಸು ಬಾರದು. ಹೇಳಿಕೊಳ್ಳಲು ಇನ್ನೊಂದು ದೀಪವೂ ಇಲ್ಲದ ಮನೆಗಳು ಎಷ್ಟಿಲ್ಲ!

ಬೇಸಿಗೆ ರಜೆಯಲ್ಲಿ ನಮ್ಮ ಬೀದಿಯ ನಾಲ್ವರಿಗೆ ಈ ಭಾಗ ಓದಿ ಹೇಳಿದೆ. “ನಮ್ಮನ ಜೋತಮ್ಮ ಹೋದ್ರ ಏನೇನ್ ಹೇಳ್ಬುಟ್ಟಾಳೋ ಟೀಚರಮ್ಮ” ಎಂದು ಒಬ್ಬಾಕೆ ನಕ್ಕಳು. ಉಳಿದವರು ನಗಲಿಲ್ಲ, ಮುಂದಕ್ಕೆ ಓದಿ ಅಂದರು.