ನಡುದಾರಿಯಲ್ಲಿ ನಿಂತವನು

ಕೈಗೊಂಡ ಕಾರ್ಯವನ್ನು ಕೊನೆ ಮುಟ್ಟಿಸದೆ ಬಿಟ್ಟವನನ್ನು ಲೋಕ ಹಗುರವಾಗಿ ಕಾಣುತ್ತದೆ. ಆರಂಭಶೂರನೆಂಬುದು ನಮ್ಮಲ್ಲಿ ಹೊಗಳಿಕೆಯ ಮಾತಲ್ಲ. ಆದರೆ ನಡುವೆ ನಿಂತವರೆಲ್ಲರೂ ಒಂದೇ ಕಾರಣದಿಂದ ನಿಲ್ಲುವುದಿಲ್ಲ. ನಿಲ್ಲದೆ ಮುಂದುವರಿದವರೆಲ್ಲರೂ ಅದೊಂದರಿಂದಲೇ ಧೀರರೆನಿಸುವುದಿಲ್ಲ. ಈ ವಿಷಯವನ್ನು ವಿಚಾರಿಸಲು 1912ರ ಜುಲೈ 14ರಂದು ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿ ನಡೆದ ಒಲಿಂಪಿಕ್ ಮ್ಯಾರಥಾನ್ ಓಟ ಒಂದು ತಕ್ಕ ನಿದರ್ಶನ. ಅಂದು ಓಡಿದವರು ಓಟವನ್ನೇ ಜೀವನೋಪಾಯ ಮಾಡಿಕೊಂಡವರಲ್ಲ. ಹಣಕ್ಕಾಗಿ ಓಡುವವರಿಗೆ ಆಗಿನ ಒಲಿಂಪಿಕ್ಸ್‌ನಲ್ಲಿ ಪ್ರವೇಶವೇ ಇರಲಿಲ್ಲ.

ಅವರಲ್ಲಿ ಒಬ್ಬ ಜಪಾನಿನ ಶಿಜೊ ಕಾನಾಕುರಿ. ಇಪ್ಪತ್ತು ವರ್ಷದ ತರುಣ; ಟೋಕಿಯೋದಲ್ಲಿ ಅಧ್ಯಾಪಕ ವೃತ್ತಿಗೆ ಓದುತ್ತಿದ್ದ ವಿದ್ಯಾರ್ಥಿ. ಜಪಾನ್ ಒಲಿಂಪಿಕ್ಸ್‌ನಲ್ಲಿ ಭಾಗವಹಿಸಿದ್ದು ಅದೇ ಮೊದಲು. ಕಳುಹಿಸಿದ್ದು ಇಬ್ಬರೇ ಓಟಗಾರರನ್ನು. ಕಾನಾಕುರಿಯ ಪ್ರಯಾಣದ ವೆಚ್ಚಕ್ಕೆ ಸಹಪಾಠಿಗಳು ಚಂದಾ ಎತ್ತಿದರು. ಹಡಗಿನಲ್ಲಿ ಸಮುದ್ರ ದಾಟಿ, ಸೈಬೀರಿಯಾದ ರೈಲಿನಲ್ಲಿ ಕುಳಿತು, ಹದಿನೆಂಟು ದಿನಗಳ ದಾರಿ ಸವೆಸಿ ಅವನು ಸ್ಟಾಕ್‌ಹೋಮ್ ತಲುಪಿದ. ಅಲ್ಲಿಯ ಬೇಸಿಗೆಯಲ್ಲಿ ರಾತ್ರಿಯೂ ಕತ್ತಲಾಗುವುದಿಲ್ಲ. ಅವನಿಗೆ ನಿದ್ರೆ ಹತ್ತಲಿಲ್ಲ. ಕಾಲಿಗೆ ಬಟ್ಟೆಯಿಂದ ಮಾಡಿದ ಜಪಾನಿ ಪಾದರಕ್ಷೆ, ಕೆಳಗೆ ಗಟ್ಟಿ ರಸ್ತೆ. ಓಟದ ದಿನ ಉಷ್ಣತೆ ಮೂವತ್ತು ಡಿಗ್ರಿ ಮೀರಿತ್ತು. ಕ್ರೀಡಾಂಗಣದಿಂದ ಹೊರಟು ಸೊಲ್ಲೆಂಟುನಾ ಎಂಬ ಊರಿನ ಚರ್ಚಿನವರೆಗೆ ಹೋಗಿ ಹಿಂದಿರುಗುವ ಆ ದಾರಿಯಲ್ಲಿ, ಹೊರಟವರ ಪೈಕಿ ಹೆಚ್ಚು ಕಡಮೆ ಅರ್ಧದಷ್ಟು ಮಂದಿ ಕೊನೆ ಮುಟ್ಟಲಿಲ್ಲ.

ಮರಳುವ ದಾರಿಯಲ್ಲಿ ಕಾನಾಕುರಿಗೆ ದೇಹ ಸೋತಿತು. ರಸ್ತೆಯ ಬದಿಯ ಒಂದು ಮನೆಯ ತೋಟದಲ್ಲಿದ್ದವರು ಅವನನ್ನು ಕರೆದು ಕುಡಿಯಲು ಕೊಟ್ಟು ಉಪಚರಿಸಿದರು. ಚೇತರಿಸಿಕೊಂಡ ಮೇಲೆ ಅವನು ಓಟಕ್ಕೆ ಮರಳಲಿಲ್ಲ. ತಾನು ನಿಂತೆನೆಂದು ಅಧಿಕಾರಿಗಳಿಗೆ ತಿಳಿಸಲೂ ಇಲ್ಲ. ನಾಚಿಕೆಯಿಂದ ಸದ್ದಿಲ್ಲದೆ ನಗರಕ್ಕೆ ಹಿಂದಿರುಗಿ, ಮುಂದೆ ಸ್ವದೇಶಕ್ಕೆ ತೆರಳಿದ. ಸ್ವೀಡನ್ನಿನ ಜನರ ಬಾಯಲ್ಲಿ ಅವನು ಕಾಣೆಯಾದ ಓಟಗಾರನೆಂದೇ ಹೆಸರಾದ.

ಅದೇ ದಿನ, ಅದೇ ರಸ್ತೆಯಲ್ಲಿ, ಪೋರ್ಚುಗಲ್ಲಿನ ಫ್ರಾನ್ಸಿಸ್ಕೋ ಲಾಜರೋ ಎಂಬವನೂ ಓಡುತ್ತಿದ್ದ. ವೃತ್ತಿಯಿಂದ ಬಡಗಿ. ಅವನ ದೇಶಕ್ಕೂ ಅದು ಮೊದಲನೆಯ ಒಲಿಂಪಿಕ್ಸ್. ಉದ್ಘಾಟನೆಯ ಮೆರವಣಿಗೆಯಲ್ಲಿ ಧ್ವಜ ಹಿಡಿದವನು ಅವನೇ. ಬಿಸಿಲಿನ ರಕ್ಷಣೆಗೆಂದು ಮೈಗೆ ಕೊಬ್ಬನ್ನೋ ಮೇಣವನ್ನೋ ಬಳಿದುಕೊಂಡಿದ್ದನೆಂದೂ ಅದರಿಂದ ಬೆವರು ಹೊರಬರದೆ ಹೋಯಿತೆಂದೂ ಹೇಳುತ್ತಾರೆ. ಅವನು ನಿಲ್ಲಲಿಲ್ಲ. ಬಿದ್ದ ಮೇಲೆಯೇ ಅವನ ಓಟ ನಿಂತದ್ದು. ಮರುದಿನ ಬೆಳಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡ.

ಈ ಇಬ್ಬರಲ್ಲಿ ಯಾರನ್ನು ಮಕ್ಕಳಿಗೆ ತೋರಿಸುತ್ತೇವೆ? ನಮ್ಮ ನಾಲಗೆ ಒಡನೆ ಲಾಜರೋನ ಹೆಸರನ್ನೇ ನುಡಿಯುತ್ತದೆ. ಬಿದ್ದವನ ಬಗೆಗೆ ಗೌರವ ತಾಳುವುದು ಯೋಗ್ಯವೇ. ಆದರೆ ಅವನ ಸಾವನ್ನು ಛಲದ ಮಾದರಿಯನ್ನಾಗಿ ಹೇಳುವುದು ಕ್ರೌರ್ಯವೆಂದು ನನಗೆ ತೋರುತ್ತದೆ. ನಿಯಮವನ್ನು ಶಕ್ತಿ ನೋಡಿ ಹಿಡಿಯಬೇಕೆಂದು ನಮ್ಮ ಮನೆಗಳಲ್ಲಿ ಹಿರಿಯರು ಹೇಳುವುದುಂಟು. ಶಕ್ತಿಯ ಎಲ್ಲೆ ಹೊರಡುವ ಮೊದಲೇ ತಿಳಿದಿರುತ್ತದೆಯೆಂದು ಮಾತ್ರ ಯಾರೂ ಭಾವಿಸಬಾರದು. ಕೆಲವೊಮ್ಮೆ ಅದು ಇಪ್ಪತ್ತೇಳನೆಯ ಕಿಲೋಮೀಟರಿನಲ್ಲಿಯೇ ಗೊತ್ತಾಗುವುದು.

ಚಂದಾ ಕೊಟ್ಟವರ ಋಣ ಏನಾಯಿತು ಎಂದು ಕೇಳಬಹುದು. ಕಾನಾಕುರಿಯನ್ನು ಕಾಡಿದ್ದೂ ಬಹುಶಃ ಇದೇ. ಈ ಕಳಂಕವನ್ನು ಒಂದು ದಿನ ತೊಡೆಯಬೇಕೆಂದು ಅವನು ದಿನಚರಿಯಲ್ಲಿ ಬರೆದುಕೊಂಡ. ಆದರೆ ಸಹಪಾಠಿಗಳು ಕೊಟ್ಟ ಹಣ ಅವನು ಓಡಲೆಂದು ಕೊಟ್ಟದ್ದು, ಪ್ರಾಣವನ್ನು ಒತ್ತೆಯಿಡಲೆಂದಲ್ಲ. ಪ್ರೀತಿಯಿಂದ ಕೊಟ್ಟದ್ದನ್ನು ಪಡೆದವನು ಸಾಲವೆಂದು ಬಗೆದು, ಅದಕ್ಕೆ ತಾನೇ ಬಡ್ಡಿ ಕಟ್ಟಿಕೊಳ್ಳುತ್ತಾನೆ. ಮಗ ಸ್ಪರ್ಧೆಯಿಂದ ಮರಳಿದಾಗ ಬಾಗಿಲಲ್ಲಿಯೇ ಎಷ್ಟನೆಯವನಾದೆ ಎಂದು ಕೇಳುವ ಮನೆಯಲ್ಲಿ ಈ ಬಡ್ಡಿ ಬೇಗ ಬೆಳೆಯುತ್ತದೆ.

ಹಾಗಾದರೆ ಕಾನಾಕುರಿಯಲ್ಲಿ ತಪ್ಪೇ ಇಲ್ಲವೆ? ಇದೆ; ಅದು ನಿಂತದ್ದರಲ್ಲಿಲ್ಲ, ಹೇಳದೆ ಹೋದದ್ದರಲ್ಲಿ. ಗುರಿಯ ಬಳಿ ಯಾರೋ ಕಾಯುತ್ತಿರುತ್ತಾರೆ. ಒಬ್ಬನು ಸಾಯುವ ಸ್ಥಿತಿಯಲ್ಲಿದ್ದ ಆ ದಿನ ಮತ್ತೊಬ್ಬ ಎಲ್ಲಿ ಬಿದ್ದಿದ್ದಾನೋ ಎಂಬ ಆತಂಕ ಸಣ್ಣದಲ್ಲ. ಓಡುವ ಶಕ್ತಿಯೆಲ್ಲ ಉಡುಗಿದ ಮೇಲೂ ನಾನು ನಿಂತೆ ಎಂಬ ಎರಡು ಮಾತು ತಲುಪಿಸುವ ಶಕ್ತಿ ಉಳಿದಿರುತ್ತದೆ. ಸೋಲು ಯಾರನ್ನೂ ನೋಯಿಸಲಿಲ್ಲ. ಸೋಲನ್ನು ಮರೆಸುವ ಯತ್ನ ನೋಯಿಸಬಹುದಾಗಿತ್ತು. ಭಾಷೆ ಬಾರದ ನಾಡಿನಲ್ಲಿ ಬಳಲಿದ ಹುಡುಗನ ವಿಷಯದಲ್ಲಿ ಇದಕ್ಕಿಂತ ಕಠಿಣವಾಗಿ ನುಡಿಯುವುದು ಸಲ್ಲದು.

ನೋಡುತ್ತ ನಿಂತವರ ಹೊಣೆಯೂ ಒಂದಿದೆ. 1954ರ ಆಗಸ್ಟ್ 7ರಂದು ಕೆನಡಾದ ವ್ಯಾಂಕೂವರಿನಲ್ಲಿ ಇಂಗ್ಲೆಂಡಿನ ಜಿಮ್ ಪೀಟರ್ಸ್, ವೃತ್ತಿಯಿಂದ ಕನ್ನಡಕ ತಜ್ಞ, ಎರಡನೆಯವನಿಗಿಂತ ಸುಮಾರು ಹದಿನೇಳು ನಿಮಿಷ ಮುಂದಾಗಿ ಕ್ರೀಡಾಂಗಣದೊಳಕ್ಕೆ ಬಂದ. ಬಂದವನೇ ಬೀಳತೊಡಗಿದ. ಹನ್ನೊಂದು ನಿಮಿಷಗಳಲ್ಲಿ ಇನ್ನೂರು ಗಜದಷ್ಟು ತೆವಳಿಯೂ ಗುರಿ ಮುಟ್ಟಲಿಲ್ಲ. ಮುಟ್ಟಿದರೆ ಅನರ್ಹನಾಗುವನೆಂದು ಜನ ಹಿಂಜರಿದರು. 1908ರಲ್ಲಿ ಲಂಡನ್ನಿನಲ್ಲಿ ಡೊರಾಂಡೊ ಪಿಯೆತ್ರಿಯನ್ನು ಎತ್ತಿ ನಿಲ್ಲಿಸಿದ್ದಕ್ಕಾಗಿ ಅವನ ಗೆಲುವು ರದ್ದಾಗಿತ್ತಲ್ಲ! ಒಂದು ಪದಕದ ಭಯ ಅಷ್ಟು ಕೈಗಳನ್ನು ಹಿಡಿದು ನಿಲ್ಲಿಸಿತು. ಪೀಟರ್ಸ್ ಬದುಕಿಕೊಂಡ, ಮತ್ತೆಂದೂ ಸ್ಪರ್ಧೆಯಲ್ಲಿ ಓಡಲಿಲ್ಲ.

ಕಾನಾಕುರಿ ಮತ್ತೆ ಓಡಿದರು. 1920ರ ಒಲಿಂಪಿಕ್ಸ್‌ನಲ್ಲಿ ಹದಿನಾರನೆಯವರಾದರು. 1924ರಲ್ಲಿ ಮತ್ತೊಮ್ಮೆ ನಡುವೆ ನಿಂತರು. 1967ರಲ್ಲಿ ಸ್ವೀಡನ್ನಿನವರು ಎಪ್ಪತ್ತೈದರ ಆ ವೃದ್ಧರನ್ನು ಆದರದಿಂದ ಕರೆಸಿ, ಬಿಟ್ಟ ಓಟವನ್ನು ಅದೇ ಕ್ರೀಡಾಂಗಣದಲ್ಲಿ ಮುಗಿಸುವಂತೆ ಮಾಡಿದರು. ಅವರ ಕಾಲವನ್ನು 54 ವರ್ಷ 8 ತಿಂಗಳು 6 ದಿನ 5 ಗಂಟೆ 32 ನಿಮಿಷ 20.3 ಸೆಕೆಂಡು ಎಂದು ಘೋಷಿಸಲಾಯಿತು. ಈ ವಿನೋದದ ಸಂಗತಿಯನ್ನು ಎಲ್ಲರೂ ನೆನೆಯುತ್ತಾರೆ. ನನಗೆ ಅದಕ್ಕಿಂತ ವಿಚಾರಾರ್ಹವಾಗಿ ಕಾಣುವುದು, 1920ರಲ್ಲಿ ಅವರ ಪ್ರೇರಣೆಯಿಂದ ಆರಂಭವಾಗಿ ಇಂದಿಗೂ ಜನವರಿಯಲ್ಲಿ ನಡೆಯುವ ಹಾಕೊನೆ ಎಂಬ ವಿದ್ಯಾರ್ಥಿಗಳ ಸಾಲು ಓಟ. ಅದರಲ್ಲಿ ಒಬ್ಬೊಬ್ಬ ತಂಡದ ಹತ್ತು ಮಂದಿ ಒಬ್ಬರಿಂದೊಬ್ಬರಿಗೆ ಒಂದು ಪಟ್ಟಿಯನ್ನು ದಾಟಿಸುತ್ತ ಎರಡು ದಿನ ಓಡುತ್ತಾರೆ. ಒಬ್ಬನು ನಿಂತರೆ ತಂಡವೇ ನಿಂತಂತೆ. ತೂರಾಡುತ್ತ ಬರುವ ಹುಡುಗನ ಪಕ್ಕದಲ್ಲಿ ಅವನ ಗುರು ನಡೆಯುತ್ತಿರುತ್ತಾನೆ. ಕೈ ಚಾಚಿ ಮುಟ್ಟಿದರೆ ಹುಡುಗ ಉಳಿಯುತ್ತಾನೆ, ಉಳಿದ ಒಂಬತ್ತು ಮಂದಿಯ ವರ್ಷದ ಶ್ರಮ ಮುಗಿಯುತ್ತದೆ. ಕೆಲವು ಗುರುಗಳು ಕೈ ಚಾಚಿದ್ದಾರೆ.