ನೆನಸಿದಂತೆ ಆಗದ ಕೌದಿ

ಬೀದರ, ಭಾಲ್ಕಿ, ಔರಾದ ಸೀಮೆಯ ಮನೆಗಳಲ್ಲಿ ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಹಾಸಿ, ಸಾಲುಸಾಲಾಗಿ ಹೊಲಿದು ಕೌದಿ ಮಾಡುವರು. ಮರಾಠಿ ಮಾತಾಡುವ ನೆರೆಯವರು ಇದನ್ನೇ ಗೋಧಡಿ ಎನ್ನುವರು. ಅನೇಕ ದಿನಗಳ ದುಡಿತದ ತರುವಾಯ ಅದು ನೆನಸಿದಂತೆ ಆಗದೆ ಹೋದರೆ ಹೊಲಿದವಳಿಗೆ ವ್ಯಸನವಾಗುವದು ಸಹಜ. ಆದರೆ ಆ ವ್ಯಸನವು ಯಾರ ನಿಮಿತ್ತವಾದದ್ದು ಎಂಬದನ್ನು ವಿಚಾರಿಸತಕ್ಕದ್ದು.

ಕುಂದುಗಳು ಎರಡು ವಿಧ. ಸಾಲು ಸೊಟ್ಟಾದದ್ದೂ ಬಣ್ಣಗಳು ಒಂದಕ್ಕೊಂದು ಒಪ್ಪದಿರುವದೂ ಕಣ್ಣಿನ ಕುಂದು. ಎಳ್ಳಮಾವಾಸ್ಯೆಯ ಚಳಿಯಲ್ಲಿ ಅದನ್ನು ಹೊದ್ದು ಮಲಗಿದ ಕೂಸು ಆ ಕುಂದನ್ನು ಅರಿಯದು. ಆದರೆ ಹೊಲಿಗೆ ಸಡಿಲಾಗಿ ಒಳಪದರವು ಮೂಲೆಗೆ ಸರಿದರೆ, ಇಲ್ಲವೆ ಮುಂಚೆ ಒಗೆಯದೆ ಹಚ್ಚಿದ ಹೊಸ ಅರಿವೆಯು ಮೊದಲನೆಯ ಒಗೆತಕ್ಕೆ ಕುಗ್ಗಿ ಪಕ್ಕದ ಜೀರ್ಣವಾದ ಬಟ್ಟೆಯನ್ನು ಜಗ್ಗಿ ಹರಿದರೆ, ಅದು ಹೊದೆಯುವವರಿಗೆ ಮಾಡಿದ ಅನ್ಯಾಯ.

ಮೊದಲನೆಯದಕ್ಕೆ ನಾಚಿ ಕೌದಿಯನ್ನು ಪೆಟ್ಟಿಗೆಯಲ್ಲಿ ಮುಚ್ಚಿಡುವದು ಕೇವಲ ಅಭಿಮಾನ. ಮನೆಯವರು ಚಳಿಯಲ್ಲಿ ನಡುಗಿದರೂ ನಮ್ಮ ಕೈಗೆ ಹೆಸರು ಕೆಡಬಾರದೆಂಬ ಬಯಕೆ ಅದು. ಎರಡನೆಯದನ್ನು 'ಪ್ರೀತಿಯಿಂದ ಹೊಲಿದೆನಲ್ಲಾ' ಎಂಬ ನೆವದಿಂದ ಕೊಡುವದೂ ತಕ್ಕದ್ದಲ್ಲ. ಯಾಕಂದರೆ ಪ್ರೀತಿಯು ದಾರ ಬಿಚ್ಚಲು ಬೇಸರಗೊಳ್ಳದು. ಆದದರಿಂದ ಕಣ್ಣಿನ ಕುಂದನ್ನು ಸೈರಿಸಿ ಕೌದಿಯನ್ನು ಹೊದಿಸಿರಿ. ಹೊಲಿಗೆಯ ಕುಂದನ್ನಾದರೋ ಬಿಚ್ಚಿ ತಿರಿಗಿ ಹೊಲಿಯಿರಿ.